ಬಯಾಸ್ ಅಡ್ಜಸ್ಟ್‌ಮೆಂಟ್: 2,500 ರೂಪಾಯಿ

ಬಹಳ ದಿನ ಆಯ್ತು ಈ ಕಡೆ ತಲೆ ಹಾಕಿ. ಆಫೀಸಿನಲ್ಲಿ ಒಂದು ರಿಲೀಸು, ಅದು ಮುಗಿಯೋದ್ರೊಳಗೆ ಇನ್ನೊಂದು, ಆಮೇಲೆ ಎರಡರದ್ದೂ ಬಗ್ಗುಗಳು... ನೆಪಕ್ಕೇನು ಬರ. ಈ ಸಲ ಬರೆಯೋಕೆ ಕೂತಿರೋದು ಸಿಟ್ಟಿನಿಂದ. ಕಳೆದ ತಿಂಗಳು ನಮ್ಮ ಮನೆಯಲ್ಲಿ ಆಗಿದ್ದು ಬೇರೆ ಯಾರ ಮನೆಯಲ್ಲೂ ಆಗದಿರಲಿ ಅನ್ನೋ ಆಸೆಯೂ ಸ್ವಲ್ಪ ಇದೆ. ಸ್ವಲ್ಪ ಟೆಕ್ನಿಕಲ್ ಆಗುತ್ತೆ, ಬೋರಾದ್ರೆ ಬೈಕೊಳ್ಳಿ, ಆದ್ರೆ ಅಮ್ಮನ ವಿಷಯ ಬರೋವರೆಗಾದ್ರೂ ಓದಿ.

ನನ್ನ ಹಾಡಿನ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಒಂದು ಒಳ್ಳೆ ಹಳೇ ಆಂಪ್ಲಿಫೈಯರ್ ಬೇಕು ಅಂತ ಎರಡು ವರ್ಷದಿಂದ ಹುಡುಕ್ತಾ ಇದ್ದೆ. ಹೊಸ ಹೈ ಎಂಡ್ ತಗೊಳ್ಳೋಕೆ ಹೋದ್ರೆ ಕಾರಿನ ರೇಟು. ಕೊನೆಗೆ ಮೈಸೂರಿನ ಸರಸ್ವತಿಪುರಂನಲ್ಲಿ ಹಿರಿಯರೊಬ್ಬರ ಹತ್ತಿರ ಕ್ವಾಡ್ 405 ಇದೆ ಅಂತ ಗೊತ್ತಾಯ್ತು. ಎಂಬತ್ತರ ದಶಕದ ಶುರುವಿನಲ್ಲಿ ಅವರು ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾಗ ತಗೊಂಡಿದ್ದಂತೆ. ಮುಂಭಾಗದಲ್ಲೇ ಹೀಟ್‌ಸಿಂಕಿನ ರೆಕ್ಕೆಗಳು, ಕಂದು ಬಣ್ಣ. ವಾಲ್ಯೂಮ್ ಇಲ್ಲ, ಆನ್ ಆಫ್ ಸ್ವಿಚ್ಚೂ ಇಲ್ಲ. ನೋಡಿದವರು ಯಾವುದೋ ಮಿಲಿಟರಿ ಸಾಮಾನು ಅನ್ಕೋಬೇಕು. "ನೀನು ಕೇಳ್ತೀಯಾ ಅಂದ್ರೆ ಕೊಡ್ತೀನಪ್ಪ, ಮಾರೋದಕ್ಕಾದ್ರೆ ಬೇಡ" ಅಂದ್ರು. 38,000 ರೂಪಾಯಿಗೆ ಮಾತು ಮುಗೀತು. ಅವರ ಮನೆಯಲ್ಲೇ ಮಲ್ಲಿಕಾರ್ಜುನ ಮನ್ಸೂರರದ್ದು ಅರ್ಧ ಗಂಟೆ ಕೇಳಿದೆ, ಮನೆಯವರು ಕೊಟ್ಟ ಕಾಫಿ ಕುಡಿದೆ, ಒಂಬತ್ತು ಕೆ.ಜಿ. ಭಾರದ ಪೆಟ್ಟಿಗೆಯನ್ನ ತೊಡೆ ಮೇಲೆ ಇಟ್ಕೊಂಡು ಬಸ್ಸಿನಲ್ಲಿ ಬೆಂಗಳೂರಿಗೆ ಬಂದೆ.

ಇಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನವೇ ಇರ್ತಿರಲಿಲ್ಲ.

ಮನೆಗೆ ತಂದು ಟಿವಿಗೆ ಜೋಡಿಸಿದೆ. ಸ್ಪೀಕರಿನಲ್ಲಿ ಗುಂಯ್ ಅಂತ ಹಮ್. ಗೊತ್ತಿರುವ ಒಂದಿಬ್ಬರನ್ನ ಕೇಳಿದೆ. "ನಲವತ್ತು ವರ್ಷದ ಹಳೇದು, ಅಪ್‌ಗ್ರೇಡ್ ಮಾಡಿಸ್ಲೇಬೇಕು, ಇಂಥವರ ಹತ್ತಿರ ಹೋಗು, ಅವರದ್ದು ಗೋಲ್ಡನ್ ಇಯರ್" ಅಂದ್ರು. ಹೆಸರು ಹೇಳಲ್ಲ, ಊರಿನ ಯಾವ ಮೂಲೆ ಅಂತಾನೂ ಹೇಳಲ್ಲ. ಚಿನ್ನದ ಕಿವಿಯವರು ಪೆಟ್ಟಿಗೆಯನ್ನ ಪ್ಲಗ್ಗಿಗೆ ಕೂಡ ಹಾಕಲಿಲ್ಲ. ಮುಚ್ಚಳ ತೆಗೆದು, ಒಳಗೆ ನೋಡಿ, ಲೊಚ್ ಅಂದರು. "ಎಲ್ಲಾ ಚೇಂಜ್ ಮಾಡ್ಬೇಕು ಸಾರ್. ಪರದೆ ಸರಿದ ಹಾಗೆ ಆಗುತ್ತೆ ನೋಡಿ."

ಮೂರು ವಾರ. 26,500 ರೂಪಾಯಿ. ಬಿಲ್ಲಿನಲ್ಲಿ ಹೀಗಿತ್ತು: ಆಡಿಯೋ ಗ್ರೇಡ್ ಕೆಪಾಸಿಟರ್ ಸೆಟ್, ಪ್ರೀಮಿಯಂ ಆಪ್‌ಆಂಪ್ ಎರಡು, ಚಿನ್ನದ ಲೇಪದ ಪವರ್ ಸಾಕೆಟ್, ಹೆಬ್ಬಾವಿನಷ್ಟು ದಪ್ಪದ ಪವರ್ ಕಾರ್ಡು, ಹಮ್ ರಿಮೂವಲ್, ಆಮೇಲೆ "ಬಯಾಸ್ ಅಡ್ಜಸ್ಟ್‌ಮೆಂಟ್ - 2,500".

ಈ ಕೊನೇ ಸಾಲನ್ನ ನೆನಪಿಟ್ಕೊಳ್ಳಿ, ಆಮೇಲೆ ಬರ್ತೀನಿ.

ಪೆಟ್ಟಿಗೆ ಮನೆಗೆ ಬಂತು. ಹಮ್ ಮಾಯ! ನಾನಂತೂ ಖುಷಿಯಾಗಿ ಎಲ್ಲರಿಗೂ ಫೋನ್ ಮಾಡಿದೆ. ಪರದೆ ಸರಿದಿದೆ ಅಂತ ನಾನೂ ಹೇಳಿದೆ, ಸುಳ್ಳು ಯಾಕೆ ಹೇಳ್ಲಿ. ಅಷ್ಟು ದುಡ್ಡು ಕೊಟ್ಟ ಮೇಲೆ ಪರದೆ ಸರಿಯದೆ ಏನ್ ಮಾಡುತ್ತೆ. ಚಿನ್ನದ ಕಿವಿಯವರ ಕೊನೆಯ ಸಲಹೆ: "200 ಗಂಟೆ ಬರ್ನ್ ಇನ್ ಆಗ್ಬೇಕು ಸಾರ್. ಹಗಲು ರಾತ್ರಿ ಆನ್ ಇಟ್ಟಿರಿ." ಇಟ್ಟೆ. ಟಿವಿ ವೈರು ಕಿತ್ತಿಟ್ಟು, ಎರಡು ಪಿನ್ನಿನ ಸಿಡಿ ಪ್ಲೇಯರ್ ಒಂದನ್ನೇ ಜೋಡಿಸಿ, ಸಣ್ಣಗೆ ಹಾಡು ಹಾಕಿ ಬಿಟ್ಟು ಆಫೀಸಿಗೆ ಹೋದೆ.

ಐದನೇ ದಿನ ಬೆಳಿಗ್ಗೆ ಅಮ್ಮ ಹಾಲ್ ಒರೆಸ್ತಾ ಇದ್ದರು. ಆಂಪ್ಲಿಫೈಯರ್ ಹಿಂದೆ ಧೂಳು ಕೂತಿದೆ ಅಂತ ಒದ್ದೆ ಬಟ್ಟೆ ಹಿಡ್ಕೊಂಡು, ಆ ಹೆಬ್ಬಾವಿನಂಥ ವೈರನ್ನ ಪಕ್ಕಕ್ಕೆ ಸರಿಸಿ, ಇನ್ನೊಂದು ಕೈಯನ್ನ ಪೆಟ್ಟಿಗೆ ಮೇಲೆ ಇಟ್ಟಿದ್ದಾರೆ. ಝುಮ್ ಅಂತ ಹೊಡೆದು ಹಿಂದಕ್ಕೆ ಬಿದ್ದರು. ಹಿಮ್ಮಡಿ ನೋವು ಅಂತ ಡಾಕ್ಟರು ಮನೆಯೊಳಗೂ ಚಪ್ಪಲಿ ಹಾಕ್ಕೊಳ್ಳಿ ಅಂದಿದ್ದರು. ರಬ್ಬರಿನ ಹವಾಯಿ ಚಪ್ಪಲಿ. ಅಷ್ಟೇ ಉಳಿಸಿದ್ದು. ಬರಿಗಾಲಲ್ಲಿ ಆ ಒದ್ದೆ ನೆಲದ ಮೇಲೆ ನಿಂತಿದ್ದರೆ ನಾನು ಇವತ್ತು ಆಂಪ್ಲಿಫೈಯರ್ ಬಗ್ಗೆ ಬರೀತಾ ಇರ್ತಿರಲಿಲ್ಲ. ಎರಡು ದಿನ ಕೈ ಜೋಮು ಹಿಡಿದಿತ್ತು, ಈಗ ಆರಾಮಾಗಿದ್ದಾರೆ. "ನಿನ್ನ ಸಂಗೀತದ ಡಬ್ಬ ಕಚ್ಚುತ್ತೆ ಕಣೋ" ಅಂತ ನಗ್ತಾರೆ. ನನಗೆ ನಗು ಬರಲ್ಲ.

ಅವತ್ತು ಸಂಜೆ ಮುಚ್ಚಳ ಬಿಚ್ಚಿದೆ. ನಾನು ಇ ಅಂಡ್ ಸಿ ಓದಿದವನು. ಮೂರನೇ ಸೆಮಿಸ್ಟರಿನಲ್ಲಿ ಅನಲಾಗ್ ಸರ್ಕ್ಯೂಟ್ಸ್ ಪಾಸಾದವನು. ಆಮೇಲೆ ನಮ್ಮಲ್ಲಿ ಮುಕ್ಕಾಲು ಪಾಲು ಜನರ ಹಾಗೆ ಸಾಫ್ಟ್‌ವೇರಿಗೆ ಬಂದು ಸಾಲ್ಡರಿಂಗ್ ಐರನ್ ಅಟ್ಟಕ್ಕೆ ಹಾಕಿದವನು. ಮುಚ್ಚಳ ಬಿಚ್ಚೋ ಕೆಲಸವನ್ನ ಮೊದಲನೇ ದಿನವೇ ಮಾಡ್ಬೇಕಿತ್ತು. ನನ್ನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೇ ಇದೆ.

ಒಳಗೆ ಕಂಡದ್ದು: ಹಸಿರು ಹಳದಿ ಪಟ್ಟೆಯ ಅರ್ಥ್ ವೈರನ್ನ ಚಾಸಿ ಹತ್ತಿರ ಕತ್ತರಿಸಿ, ತುದಿಗೆ ಕಪ್ಪು ಟೇಪ್ ಸುತ್ತಿದ್ದರು. ಇದೇ "ಹಮ್ ರಿಮೂವಲ್". ಹೊಸ ಚಿನ್ನದ ಸಾಕೆಟ್ಟಿಗೆ ರಂಧ್ರ ಸರಿ ಹೊಂದದೆ ಫೈಲ್ ಹಾಕಿ ಉಜ್ಜಿದ್ದರು, ಆ ಚೂಪು ಅಂಚಿಗೆ ಫೇಸ್ ವೈರಿನ ಇನ್ಸುಲೇಶನ್ ಒರಗಿಕೊಂಡು ಸವೆದಿತ್ತು. ಭಾರದ ಪವರ್ ಕಾರ್ಡನ್ನ ಅಮ್ಮ ಸರಿಸಿದಾಗ ಸಾಕೆಟ್ ಒಂಚೂರು ವಾಲಿ ವೈರು ಚಾಸಿಗೆ ಮುಟ್ಟಿದೆ. ಅರ್ಥ್ ಇದ್ದಿದ್ದರೆ ಆ ಕ್ಷಣಕ್ಕೇ ಫ್ಯೂಸು ಹೋಗ್ತಿತ್ತು, ಅಷ್ಟೇ. ಅರ್ಥ್ ಇಲ್ಲ, ಬಾಡಿಗೆ ಮನೆಯ ಹಳೇ ಬೋರ್ಡಿನಲ್ಲಿ ಆರ್‌ಸಿಸಿಬಿ ಕೂಡ ಇಲ್ಲ. ಇಡೀ ಲೋಹದ ಪೆಟ್ಟಿಗೆ 230 ವೋಲ್ಟಿಗೆ ಏರಿ ಕೂತು, ಯಾರಾದ್ರೂ ಮುಟ್ಟಲಿ ಅಂತ ಕಾಯ್ತಾ ಇತ್ತು. ಟಿವಿ ವೈರು ಜೋಡಿಸಿಯೇ ಇದ್ದಿದ್ದರೆ ಆ ಕರೆಂಟು ಕೇಬಲ್ ಟಿವಿಯವರ ವೈರು ಹಿಡಿದು ಎಲ್ಲಿಗೆ ಹೋಗ್ತಿತ್ತೋ, ಯಾರ ಮನೆಗೆ ಹೋಗ್ತಿತ್ತೋ ಯೋಚಿಸಿ ನೋಡಿ.

ಆ ಹಮ್ ಆಂಪ್ಲಿಫೈಯರಿನದ್ದೇ ಆಗಿರಲಿಲ್ಲ. ಅದು ಬರೀ ಗ್ರೌಂಡ್ ಲೂಪ್. ಆಂಪ್ಲಿಫೈಯರಿಗೆ ಗೋಡೆಯ ಪ್ಲಗ್ಗಿನಿಂದ ಒಂದು ಅರ್ಥ್, ಟಿವಿಗೆ ಕೇಬಲ್ ಟಿವಿಯ ಕೋಆಕ್ಸಿಯಲ್ ವೈರಿನ ಹೊರಕವಚದಿಂದ ಇನ್ನೊಂದು ಅರ್ಥ್. ಎರಡೂ ಒಂದೇ ಮಟ್ಟದಲ್ಲಿ ಇರಲ್ಲ, ಆ ವ್ಯತ್ಯಾಸ ಆಡಿಯೋ ಕೇಬಲ್ ಮೂಲಕ ಹರೀತಾ ಇರುತ್ತೆ, ಸ್ಪೀಕರಿನಲ್ಲಿ 50 ಹರ್ಟ್ಸ್ ಗುಂಯ್‌ಗುಡುತ್ತೆ. ಮೈಸೂರಿನಲ್ಲಿ ಹಮ್ ಇರಲಿಲ್ಲ ಅನ್ನೋದೇ ದೊಡ್ಡ ಸುಳಿವು, ನಾನೇ ಗಮನಿಸಲಿಲ್ಲ. ಟಿವಿಯ ಕೇಬಲ್ ಕಿತ್ತು ನೋಡಿದರೆ ಹಮ್ ನಿಲ್ತಿತ್ತು, ಎರಡು ನಿಮಿಷದ ಪರೀಕ್ಷೆ. ಈಗ ಟಿವಿಯಿಂದ ಆಪ್ಟಿಕಲ್ ಕೇಬಲ್ಲಿನಲ್ಲಿ ಒಂದು ಸಣ್ಣ ಡ್ಯಾಕಿಗೆ ತಂದಿದ್ದೀನಿ. ಬೆಳಕಿಗೆ ಅರ್ಥ್ ಇಲ್ಲ, ಲೂಪೂ ಇಲ್ಲ. ಅರ್ಥ್ ವೈರು ಮತ್ತೆ ಅದರ ಜಾಗಕ್ಕೆ ಹೋಗಿದೆ. ಹಮ್ ಬರ್ತಿದೆ ಅಂತ ಅರ್ಥ್ ಕತ್ತರಿಸೋ ರಿಪೇರಿಯವರು ನಮ್ಮೂರಿನಲ್ಲಿ ಇವರೊಬ್ಬರೇ ಅಲ್ಲ, ಬಹಳ ಜನ ಇದ್ದಾರೆ, ಮತ್ತು ಅದನ್ನ ಹೆಮ್ಮೆಯಿಂದ ಹೇಳ್ಕೊಳ್ತಾರೆ. ಇದು ರಿಪೇರಿ ಅಲ್ಲ. ಮನೆಯವರನ್ನ ಅರ್ಥ್ ವೈರಾಗಿ ಬಳಸಿಕೊಳ್ಳೋದು.

ಈಗ ಬಯಾಸಿಗೆ ಬರೋಣ.

ಸಾಮಾನ್ಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನಲ್ಲಿ ಎರಡು ಪವರ್ ಟ್ರಾನ್ಸಿಸ್ಟರ್ ಜೋಡಿ, ಒಂದು ಮೇಲಿನ ಅರ್ಧ ಅಲೆಗೆ, ಇನ್ನೊಂದು ಕೆಳಗಿನ ಅರ್ಧಕ್ಕೆ. ಒಂದು ನಿಂತು ಇನ್ನೊಂದು ಶುರುವಾಗೋ ಜಾಗದಲ್ಲಿ ಅಲೆ ಸೊಟ್ಟ ಆಗುತ್ತೆ, ಕ್ರಾಸ್‌ಓವರ್ ಡಿಸ್ಟಾರ್ಶನ್. ಪರೀಕ್ಷೆಗೆ ಬರೆದಿದ್ದೀವಿ, ನೆನಪಿದೆಯಾ? ಅದು ಆಗದಿರಲಿ ಅಂತ ಸಂಗೀತ ಇಲ್ಲದಾಗಲೂ ಎರಡರಲ್ಲೂ ಸ್ವಲ್ಪ ಕರೆಂಟು ಹರಿಸಿಟ್ಟಿರ್ತಾರೆ. ಅದೇ ಬಯಾಸ್. ಅದನ್ನ ಹೊಂದಿಸೋಕೆ ಬೋರ್ಡಿನ ಮೇಲೆ ಒಂದು ಪುಟ್ಟ ಪ್ರಿಸೆಟ್ ಇರುತ್ತೆ. ಬಿಸಿಯಾದ ಹಾಗೆ ಈ ಕರೆಂಟು ಏರಿಳಿಯುತ್ತೆ, ವರ್ಷಗಳು ಕಳೆದ ಹಾಗೆ ಪ್ರಿಸೆಟ್ ಸವೆಯುತ್ತೆ. ಹಾಗಾಗಿ ಹಳೇ ಆಂಪ್ಲಿಫೈಯರ್ ತಗೊಂಡ್ರೆ ಬಯಾಸ್ ನೋಡೋದು ಸರಿಯಾದ ಕೆಲಸವೇ. ಎಮಿಟರ್ ರೆಸಿಸ್ಟರಿನ ಎರಡು ತುದಿಗೆ ಮಲ್ಟಿಮೀಟರ್ ಹಿಡಿದು ಮಿಲಿವೋಲ್ಟ್ ಓದಿ, ಓಮ್‌ನ ಸೂತ್ರ ಹಾಕಿ, ಸರ್ವಿಸ್ ಮ್ಯಾನ್ಯುಯಲ್ಲಿನಲ್ಲಿ ಹೇಳಿದಷ್ಟಿದೆಯಾ ನೋಡೋದು. ಪೆಟ್ಟಿಗೆ ಬಿಸಿಯಾದ ಮೇಲೆ ಇನ್ನೊಂದು ಸಲ.

ಆದರೆ ಕ್ವಾಡ್ 405ರಲ್ಲಿ ಬಯಾಸ್ ಪ್ರಿಸೆಟ್ ಇಲ್ಲವೇ ಇಲ್ಲ!

ಇಲ್ಲ ಅನ್ನೋದೇ ಆ ಆಂಪ್ಲಿಫೈಯರ್ ಪ್ರಸಿದ್ಧವಾಗೋಕೆ ಕಾರಣ. ಪೀಟರ್ ವಾಕರ್ ಅಂತ ಒಬ್ಬ ಪುಣ್ಯಾತ್ಮ (1916–2003), 1936ರಲ್ಲಿ ಕಂಪನಿ ಕಟ್ಟಿದವನು, 1957ರಲ್ಲಿ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್ ಮಾರುಕಟ್ಟೆಗೆ ತಂದವನು. ಅವನೂ ಮೈಕೆಲ್ ಆಲ್ಬಿನ್‌ಸನ್ನೂ ಸೇರಿ 1975ರಲ್ಲಿ ಕರೆಂಟ್ ಡಂಪಿಂಗ್ ಅನ್ನೋ ವಿಧಾನ ಪ್ರಕಟಿಸಿದರು. ಐಡಿಯಾ ಬಹಳ ಚಂದ ಇದೆ. ಒಂದು ಸಣ್ಣ, ಸಭ್ಯ ಕ್ಲಾಸ್ ಎ ಆಂಪ್ಲಿಫೈಯರ್ ಯಾವಾಗಲೂ ಚುಕ್ಕಾಣಿ ಹಿಡಿದಿರುತ್ತೆ. ದೊಡ್ಡ ಟ್ರಾನ್ಸಿಸ್ಟರುಗಳು ಮೂಟೆ ಹೊರೋ ಹಮಾಲಿಗಳು, ಅವಕ್ಕೆ ಬಯಾಸ್ ಕೊಡೋದೇ ಇಲ್ಲ. ಅವು ಒಂದನ್ನೊಂದು ಬಿಟ್ಟು ಹಿಡಿಯೋ ಸಂದಿಯಲ್ಲಿ ಆಗೋ ಎಡವಟ್ಟನ್ನ ಸಣ್ಣ ಆಂಪ್ಲಿಫೈಯರ್ ತುಂಬುತ್ತೆ. ಎಷ್ಟು ತುಂಬಬೇಕು ಅನ್ನೋದನ್ನ ನಾಲ್ಕು ಬಿಡಿಭಾಗಗಳ ಒಂದು ಬ್ರಿಡ್ಜ್ ನಿರ್ಧರಿಸುತ್ತೆ: 500 ಓಮ್, 47 ಓಮ್, 120 ಪಿಕೋಫ್ಯಾರಡ್, ಮತ್ತು 3 ಮೈಕ್ರೋಹೆನ್ರಿಯ ಒಂದು ಸುರುಳಿ. ಗುಣಿಸಿ ನೋಡಿ, 500 × 47 × 120 ಪಿಕೋ, ಬರೋದು 2.82 ಮೈಕ್ರೋ. ಸುರುಳಿ ಹೆಚ್ಚು ಕಮ್ಮಿ ಅಷ್ಟೇ ಇದೆ. ಈ ಸಮೀಕರಣ ಕೂತರೆ ಹಮಾಲಿಗಳ ತಪ್ಪು ಸ್ಪೀಕರಿಗೆ ಕಾಣೋದಿಲ್ಲ. ಫ್ಯಾಕ್ಟರಿಯಲ್ಲಿ ತಿರುಗಿಸೋ ಸ್ಕ್ರೂ ಇಲ್ಲ, ಮುಂದೆ ಮನೆಯಲ್ಲೂ ಇಲ್ಲ. 1978ರಲ್ಲಿ ಇದಕ್ಕೆ ಇಂಗ್ಲೆಂಡಿನ ಕ್ವೀನ್ಸ್ ಅವಾರ್ಡ್ ಬಂತು.

ಅಂದರೆ ಇಲ್ಲದ ಸ್ಕ್ರೂ ತಿರುಗಿಸಿದ್ದಕ್ಕೆ ನಾನು 2,500 ರೂಪಾಯಿ ಕೊಟ್ಟಿದ್ದೀನಿ :)

ಫೋನ್ ಮಾಡಿ ಕೇಳಿದೆ. "ಸಾರ್, 405ರಲ್ಲಿ ಬಯಾಸ್ ಪ್ರಿಸೆಟ್ ಎಲ್ಲಿದೆ?" ಒಂದು ಕ್ಷಣ ಮೌನ. "ಅದು ಇಂಟರ್ನಲ್ ಸಾರ್, ನಿಮಗೆ ಕಾಣ್ಸಲ್ಲ." ಅಮ್ಮನಿಗೆ ಶಾಕ್ ಹೊಡೆದ ವಿಷಯ ಹೇಳಿದೆ. "ನಿಮ್ಮ ಮನೆ ವೈರಿಂಗ್ ಸರಿ ಇಲ್ಲ ಅನ್ಸುತ್ತೆ." ಫೋನ್ ಇಟ್ಟರು.

ಇನ್ನೂ ಇದೆ. ಆ ಬ್ರಿಡ್ಜಿನ 120 ಪಿಕೋಫ್ಯಾರಡ್ ಜಾಗದಲ್ಲಿ ಹೊಳೆಯೋ ಹೊಸ 100 ಪಿಕೋಫ್ಯಾರಡ್ ಕೂತಿತ್ತು. ಅಂಗಡಿಯಲ್ಲಿ 120 ಸಿಗಲಿಲ್ಲವೇನೋ. ಕ್ವಾಲಿಟಿ ಚೆನ್ನಾಗಿರೋದೇ, ಬೆಲೆಯೂ ಜಾಸ್ತಿ ಇರಬಹುದು, ಆದರೆ ಅದು ಸೇರಿರೋ ಸಮೀಕರಣ ಶೇಕಡ 17ರಷ್ಟು ಹಳಿ ತಪ್ಪಿದೆ. ಹಳೇ ಬೋರ್ಡಿನ ಎಲ್‌ಎಂ301ಎ ಆಪ್‌ಆಂಪ್ ಕಿತ್ತು, ಅಲ್ಲೊಂದು ಸಾಕೆಟ್ ಕೂರಿಸಿ, ಅದಕ್ಕಿಂತ ಎಷ್ಟೋ ಪಟ್ಟು ವೇಗದ ಆಧುನಿಕ ಆಪ್‌ಆಂಪ್ ಹಾಕಿದ್ದರು. ಎಲ್‌ಎಂ301ಎ ಹಳೇ ಕಾಲದ್ದು, ಅದರ ಕಾಂಪೆನ್ಸೇಶನ್ ಕೆಪಾಸಿಟರನ್ನ ಹೊರಗಿನಿಂದ ಕೊಡಬೇಕು, ಸುತ್ತಲಿನ ಸರ್ಕ್ಯೂಟನ್ನ ಅದಕ್ಕೆ ತಕ್ಕ ಹಾಗೆ ಬರೆದಿರ್ತಾರೆ. ಅಲ್ಲಿ ಬರೀ ಚಿಪ್ ಬದಲಾಯಿಸೋದು ಎತ್ತಿನ ಗಾಡಿಗೆ ರೇಸ್ ಕುದುರೆ ಕಟ್ಟಿದ ಹಾಗೆ. ಎಡ ಚಾನೆಲ್ಲಿನ ಕಡೆ ಹೀಟ್‌ಸಿಂಕ್ ಸುಮ್ಮನಿದ್ದಾಗಲೂ ಬಲಕ್ಕಿಂತ ಬಿಸಿ ಇತ್ತು. ಕಾಲೇಜಿನಲ್ಲಿ ಪಾಠ ಮಾಡೋ ಗೆಳೆಯನೊಬ್ಬನ ಲ್ಯಾಬಿಗೆ ತಗೊಂಡು ಹೋಗಿ ಆಸಿಲೋಸ್ಕೋಪಿಗೆ ಕೊಟ್ಟರೆ, ಹಾಡೇ ಇಲ್ಲದೆ ಕಿವಿಗೆ ಕೇಳಿಸದ ಆವರ್ತನದಲ್ಲಿ ಕುಣೀತಾ ಇತ್ತು. ನಾನು ಇದನ್ನೇ "ಟಾಪ್ ಎಂಡ್ ಎಷ್ಟು ಗಾಳಿಯಾಡ್ತಿದೆ" ಅಂತ ಐದು ದಿನ ಹೊಗಳಿದ್ದು!

ಹಾಗಂತ ಹಳೇದನ್ನ ಮುಟ್ಟಲೇಬಾರದು ಅಂತ ಹೇಳ್ತಿಲ್ಲ. ಎಲ್‌ಎಂ301ಎ ಬದಲು ಟಿಎಲ್071 ಹಾಕೋದನ್ನ ಕ್ವಾಡ್‌ನವರೇ ಮುಂದೆ ಮಾಡಿದರು, ಆದರೆ ಸರ್ಕ್ಯೂಟ್ ಕೂಡ ತಿದ್ದಿ. ನಾನೀಗ ಅದನ್ನೇ ಮಾಡಿಕೊಂಡಿದ್ದೀನಿ, ಅವರ ಮುಂದಿನ ಸರ್ಕ್ಯೂಟ್ ಚಿತ್ರ ಪಕ್ಕದಲ್ಲಿ ಇಟ್ಕೊಂಡು. ಅಪ್‌ಗ್ರೇಡ್ ಅನ್ನೋದು ಒಂದು ಉತ್ತರ. ಪ್ರಶ್ನೆ ಏನು ಅಂತ ಮೊದಲು ಅಳೆದು ನೋಡಬೇಕು. ನಾವು ಆಫೀಸಿನಲ್ಲಿ ಪ್ರೊಫೈಲರ್ ಓಡಿಸದೆ ಕೋಡ್ ಆಪ್ಟಿಮೈಸ್ ಮಾಡೋಕೆ ಹೋದ ಜೂನಿಯರ್‌ಗೆ ಕೋಡ್ ರಿವ್ಯೂನಲ್ಲಿ ಏನು ಮಂಗಳಾರತಿ ಎತ್ತುತ್ತೀವಿ? ಅದೇ ನಾವು ಮನೆಗೆ ಬಂದು ಮಲ್ಟಿಮೀಟರ್ ಮುಟ್ಟದವನ ಕೈಗೆ 26,500 ಕೊಡ್ತೀವಿ.

ಕೆಪಾಸಿಟರ್ ವಿಷಯವನ್ನೇ ತಗೊಳ್ಳಿ. "ನಲವತ್ತು ವರ್ಷ ಆಯ್ತು, ಎಲ್ಲಾ ಕಿತ್ತೆಸೀರಿ" ಅನ್ನೋದು ಒಂದು ಪಂಥ. "ಒರಿಜಿನಲ್ ಮುಟ್ಟಬೇಡಿ, ಅದರ ಸೌಂಡೇ ಬೇರೆ" ಅನ್ನೋದು ಇನ್ನೊಂದು ಪಂಥ. ಎರಡೂ ಅಳೆಯೋದಿಲ್ಲ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಳಗಿನ ದ್ರವ ನಿಧಾನಕ್ಕೆ ಒಣಗುತ್ತೆ. ಬಿಸಿ ಹತ್ತು ಡಿಗ್ರಿ ಕಮ್ಮಿ ಆದರೆ ಆಯಸ್ಸು ಎರಡರಷ್ಟು ಅನ್ನೋದು ಇಂಜಿನಿಯರುಗಳ ಅಂದಾಜು ಲೆಕ್ಕ. 85 ಡಿಗ್ರಿಯಲ್ಲಿ 2,000 ಗಂಟೆ ಅಂತ ಬರೆದಿರೋ ಕೆಪಾಸಿಟರ್ 45 ಡಿಗ್ರಿಯಲ್ಲಿದ್ದರೆ ನಾಲ್ಕು ಸಲ ಎರಡರಷ್ಟು, ಅಂದರೆ 32,000 ಗಂಟೆ. ದಿನಕ್ಕೆ ಮೂರು ಗಂಟೆ ಹಾಡು ಕೇಳಿದರೆ 29 ವರ್ಷ. ದಿನಾ ಕೇಳಿದವರ ಮನೆಯದ್ದು ಮುಗಿದಿರಬಹುದು, ಭಾನುವಾರ ಮಾತ್ರ ಕೇಳಿದವರದ್ದು ಬಳಕೆಯಿಂದಲ್ಲ, ಬರೀ ವಯಸ್ಸಿನಿಂದ ಹಾಳಾಗಿರಬಹುದು, ಅಥವಾ ಚೆನ್ನಾಗೇ ಇರಬಹುದು. ಮೇಲೆ ಉಬ್ಬಿದೆಯಾ, ಬುಡದಲ್ಲಿ ಅಂಟು ಸೋರಿದೆಯಾ ನೋಡಿ, ಒಂದು ಕಾಲು ಬಿಡಿಸಿ ಇಎಸ್‌ಆರ್ ಮೀಟರಿಗೆ ಕೊಟ್ಟರೆ ಐದು ನಿಮಿಷದಲ್ಲಿ ಗೊತ್ತಾಗುತ್ತೆ. ನನ್ನ ಪವರ್ ಸಪ್ಲೈನಲ್ಲಿದ್ದ ಎರಡು 10,000 ಮೈಕ್ರೋಫ್ಯಾರಡ್ ಹಳಬರನ್ನ ಪುಣ್ಯಕ್ಕೆ ಒಂದು ಕವರಿನಲ್ಲಿ ವಾಪಸ್ ಕೊಟ್ಟಿದ್ದರು. ಅಳೆದೆ. ಒಂದು ನಿಜಕ್ಕೂ ಸತ್ತಿತ್ತು. ಇನ್ನೊಂದೂ ಅದರ ಹಾದಿ ಹಿಡಿದಿತ್ತು. ಅಂದರೆ ಬದಲಾಯಿಸಿದ್ದು ಸರಿಯೇ, ಅದಕ್ಕೆ ನಾನು ತಕರಾರು ತೆಗೆಯೋಲ್ಲ. ಆದರೆ ಅವರಿಗೆ ಅದು ಗೊತ್ತಿರಲಿಲ್ಲ, ಸುಮ್ಮನೆ ಹೊಡೆದ ಕಲ್ಲು ತಾಗಿದೆ ಅಷ್ಟೇ. "ಜಾಸ್ತಿ ಹಾಕಿದ್ರೆ ಬಾಸ್ ಚೆನ್ನಾಗಿ ಬರುತ್ತೆ" ಅಂತ 47,000 ತುಂಬೋರೂ ಇದ್ದಾರೆ. ಆನ್ ಮಾಡಿದ ಕ್ಷಣದಲ್ಲಿ ಖಾಲಿ ಕೆಪಾಸಿಟರ್ ತುಂಬೋಕೆ ನುಗ್ಗೋ ಕರೆಂಟು ರೆಕ್ಟಿಫೈಯರನ್ನ, ಫ್ಯೂಸನ್ನ ತಿಂದುಹಾಕುತ್ತೆ ಅನ್ನೋದನ್ನ ಅವರಿಗೆ ಹೇಳೋರು ಯಾರು.

ಪವರ್ ಕಾರ್ಡಿನ ಬಗ್ಗೆ ಹೆಚ್ಚು ಹೇಳಲ್ಲ. ಶರಾವತಿಯಿಂದಲೋ ರಾಯಚೂರಿನಿಂದಲೋ ನೂರಾರು ಕಿಲೋಮೀಟರ್ ಅಲ್ಯೂಮಿನಿಯಂ ತಂತಿಯಲ್ಲಿ ಬಂದು, ಕಂಬ ಹತ್ತಿ ಇಳಿದು, ಗೋಡೆಯೊಳಗಿನ ಹಳೇ ವೈರಿನಲ್ಲಿ ತೆವಳಿ ಬಂದ ಕರೆಂಟು ಕೊನೆಯ ಒಂದೂವರೆ ಮೀಟರಿನಲ್ಲಿ ಸ್ನಾನ ಮಾಡಿ ಮಡಿ ಉಡುತ್ತೆ ಅಂತ ನಂಬೋರು ನಂಬಲಿ.

"ನಿನಗೆ ಕೇಳಿಸಲ್ಲ ಅಂದ್ರೆ ವ್ಯತ್ಯಾಸ ಇಲ್ಲ ಅಂತಲ್ಲ, ನಿನ್ನ ಕಿವಿ ತಯಾರಾಗಿಲ್ಲ." ಈ ವಾದವನ್ನ ಆಡಿಯೋ ಹುಚ್ಚಿನ ಗೆಳೆಯರು ನನ್ನ ಮೇಲೆ ಪ್ರಯೋಗಿಸ್ತಾನೇ ಇರ್ತಾರೆ. ಇದು ಹಳೇ ಜಗಳ. 1978ರಲ್ಲಿ ಜೇಮ್ಸ್ ಮಾಯರ್ ಅನ್ನೋರು ಕ್ವಾಡ್‌ನದ್ದೇ ಮೂರು ಆಂಪ್ಲಿಫೈಯರ್ ಹೋಲಿಸಿದರು: ವಾಲ್ವ್ ಕಾಲದ ಕ್ವಾಡ್ 2, ಟ್ರಾನ್ಸಿಸ್ಟರಿನ 303, ಕರೆಂಟ್ ಡಂಪಿಂಗಿನ 405. ಯಾವುದು ಯಾವುದು ಅಂತ ಕೇಳುಗರಿಗೆ ಹೇಳದೆ, ಧ್ವನಿಮಟ್ಟ ಸಮ ಮಾಡಿ. ಫಲಿತಾಂಶ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಬಂತು: ನಂಬಲರ್ಹವಾಗಿ ಗುರುತಿಸೋಕೆ ಆಗಲಿಲ್ಲ. ಟೆಸ್ಟ್ ಮಾಡಿಸಿದ್ದು ಕ್ವಾಡ್ ಕಂಪನಿಯೇ, ಅದನ್ನೂ ಹೇಳಿಬಿಡ್ತೀನಿ, ಆಮೇಲೆ ಬಚ್ಚಿಟ್ಟೆ ಅನ್ನಬೇಡಿ. ಆದರೆ ಒಂದು ಯೋಚಿಸಿ, ನಮ್ಮ ಹೊಸ ಮಾಡೆಲ್ಲು ನಮ್ಮ ಹಳೇ ಮಾಡೆಲ್ಲಿಗಿಂತ ಬೇರೆ ಕೇಳಿಸಲ್ಲ ಅನ್ನೋ ಫಲಿತಾಂಶ ಹೊರಬರೋಕೆ ಬಿಡೋ ಕಂಪನಿ ಇವತ್ತು ಯಾವುದಿದೆ?

1985ರಲ್ಲಿ ಬಾಬ್ ಕಾರ್ವರ್ ಮಾಡಿದ್ದು ಇನ್ನೂ ಮಜವಾಗಿದೆ. ಸ್ಟೀರಿಯೋಫೈಲ್ ಪತ್ರಿಕೆಯವರು ಆರಿಸಿಕೊಟ್ಟ ದುಬಾರಿ ವಾಲ್ವ್ ಆಂಪ್ಲಿಫೈಯರಿನ ಹಾಗೇ ಕೇಳಿಸೋ ಥರ ತನ್ನ ಅಗ್ಗದ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನ ತಿದ್ದಿಕೊಡ್ತೀನಿ ಅಂತ ಸವಾಲು ಹಾಕಿ, ಎರಡು ದಿನ ಹೋಟೆಲ್ ರೂಮಿನಲ್ಲಿ ಕೂತು ಎರಡರ ಔಟ್‌ಪುಟ್ಟನ್ನ ಒಂದರಿಂದ ಒಂದು ಕಳೆಯುತ್ತಾ, ಉಳಿದದ್ದನ್ನ ಸೊನ್ನೆಯ ಹತ್ತಿರ ತರ್ತಾ ಹೋದ. ಕೊನೆಗೆ ಪತ್ರಿಕೆಯವರಿಗೆ ಬೇರೆ ಬೇರೆ ಅಂತ ಹೇಳೋಕೆ ಆಗಲಿಲ್ಲ. ಆಂಪ್ಲಿಫೈಯರುಗಳ ನಡುವೆ ವ್ಯತ್ಯಾಸವೇ ಇರಲ್ಲ ಅಂತ ಇದರಿಂದ ಸಾಬೀತಾಗಲ್ಲ. ಇದ್ದರೆ ಅದು ಮೀಟರಿಗೆ ಸಿಗುತ್ತೆ, ತಿದ್ದೋಕೂ ಆಗುತ್ತೆ, ಮಾಟ ಮಂತ್ರ ಅಲ್ಲ ಅಂತ ಸಾಬೀತಾಗುತ್ತೆ.

ನಾನೂ ಒಂದು ಕಿತಾಪತಿ ಮಾಡಿದೆ. ಗೋಲ್ಡನ್ ಇಯರ್ ಅವರನ್ನ ನನಗೆ ಶಿಫಾರಸು ಮಾಡಿದ ಗೆಳೆಯನನ್ನೇ ಊಟಕ್ಕೆ ಕರೆದು ಭೀಮಸೇನ ಜೋಶಿಯವರದ್ದು ಹಾಕಿದೆ. ಮಧ್ಯೆ "ತಡಿ, ಆಪ್‌ಆಂಪ್ ಬದಲಾಯಿಸ್ತೀನಿ" ಅಂತ ಪೆಟ್ಟಿಗೆಯನ್ನ ಒಳಗೆ ತಗೊಂಡು ಹೋಗಿ, ಹತ್ತು ನಿಮಿಷ ಮೊಬೈಲ್ ನೋಡ್ತಾ ಕೂತು, ಏನೂ ಮುಟ್ಟದೆ ವಾಪಸ್ ತಂದೆ. ವಾಲ್ಯೂಮ್ ಮಾತ್ರ ಒಂದು ಕೂದಲೆಳೆ ಏರಿಸಿದೆ, ಸುಮಾರು ಒಂದು ಡೆಸಿಬಲ್. "ಅಬ್ಬಾ! ತಂಬೂರಿ ನೋಡು, ಈಗ ಹಿಂದೆ ಕೂತಿರೋದು ಗೊತ್ತಾಗ್ತಿದೆ!" ನಿಜ ಹೇಳಿದ ಮೇಲೆ ಎರಡು ವಾರ ಮಾತು ಬಿಟ್ಟ. ಅವನನ್ನ ಹಂಗಿಸೋಕೆ ಹೇಳ್ತಿಲ್ಲ, ಐದು ದಿನ ನಾನೂ ಅದನ್ನೇ ಮಾಡಿದ್ದೆನಲ್ಲ. ಸ್ವಲ್ಪ ಜೋರಾಗಿದ್ದರೆ ಅದು ಜೋರು ಅಂತ ಕಿವಿಗೆ ಅನ್ನಿಸಲ್ಲ, ಚೆನ್ನಾಗಿದೆ ಅಂತ ಅನ್ನಿಸುತ್ತೆ. ಈ ಇಡೀ ದಂಧೆ ನಿಂತಿರೋದು ಆ ಒಂದು ಡೆಸಿಬಲ್ ಮೇಲೆ.

ಹಾಗಿದ್ರೆ ಈ ಪೆಟ್ಟಿಗೆಗೆ ನಿಜವಾಗಿ ಬೇಕಿದ್ದ ಅಪ್‌ಗ್ರೇಡ್ ಯಾವುದು? ಎರಡು ಸತ್ತ ಕೆಪಾಸಿಟರ್ ಬಿಟ್ಟರೆ, ಒಂದೇ. 405ಕ್ಕೆ ಅರ್ಧ ವೋಲ್ಟ್ ಕೊಟ್ಟರೆ ಪೂರ್ತಿ 100 ವ್ಯಾಟ್ ಹೊರಗೆ ಬರುತ್ತೆ. ಆ ಕಾಲದ ಪ್ರೀಆಂಪ್ಲಿಫೈಯರಿಗೆ ಹೊಂದೋ ಲೆಕ್ಕ ಅದು. ಸಿಡಿ ಪ್ಲೇಯರ್, ಡ್ಯಾಕ್ ಕೊಡೋದು ಎರಡು ವೋಲ್ಟ್. ಅಂದರೆ ನಾಲ್ಕು ಪಟ್ಟು, 12 ಡೆಸಿಬಲ್ ಜಾಸ್ತಿ. ವಾಲ್ಯೂಮ್ ಎಂಟು ಗಂಟೆಯ ಮುಳ್ಳಿನ ಜಾಗ ದಾಟಿದರೆ ಕಿರುಚುತ್ತೆ, ಮುಂದಿನ ಸಾಧನದ ಸಣ್ಣ ಸುಯ್ ಶಬ್ದವೂ ದೊಡ್ಡದಾಗಿ ಕೇಳುತ್ತೆ. ಇದಕ್ಕೆ ಪ್ರತಿ ಚಾನೆಲ್ಲಿಗೆ ಎರಡು ರೆಸಿಸ್ಟರ್ ಸಾಕು, ಇನ್‌ಪುಟ್ ಪ್ಲಗ್ಗಿನೊಳಗೇ ಕೂರುತ್ತೆ. ಎಸ್.ಪಿ. ರೋಡಿನಲ್ಲಿ ನಾಲ್ಕಕ್ಕೆ ಹತ್ತು ರೂಪಾಯಿ ಕೊಟ್ಟೆ, ಚಿಲ್ಲರೆ ವಾಪಸ್ ಬರಲಿಲ್ಲ. ಆಪ್‌ಆಂಪಿಗಿಂತ, ಹೆಬ್ಬಾವಿಗಿಂತ ಹೆಚ್ಚು ವ್ಯತ್ಯಾಸ ಮಾಡಿದ್ದು ಈ ಹತ್ತು ರೂಪಾಯಿ. ಬಿಲ್ಲಿನಲ್ಲಿ ಇದು ಇರಲಿಲ್ಲ, ಯಾಕಂದ್ರೆ ಇದರಲ್ಲಿ ಮಾರ್ಜಿನ್ ಇಲ್ಲ.

ನೀವು ಹಳೇ ಆಂಪ್ಲಿಫೈಯರ್ ತಗೊಳ್ಳೋ ಯೋಚನೆಯಲ್ಲಿದ್ರೆ, ದಯವಿಟ್ಟು ಒಂದು ಮಲ್ಟಿಮೀಟರ್ ಜೇಬಿನಲ್ಲಿ ಇಟ್ಕೊಂಡು ಹೋಗಿ. ಪ್ಲಗ್ಗಿನ ದಪ್ಪ ಅರ್ಥ್ ಪಿನ್ನಿಗೂ ಚಾಸಿಯ ಬಣ್ಣ ಹೋದ ಒಂದು ಸ್ಕ್ರೂಗೂ ಮೀಟರ್ ಹಿಡಿಯಿರಿ, ಹೆಚ್ಚು ಕಮ್ಮಿ ಸೊನ್ನೆ ಓಮ್ ತೋರಿಸ್ಬೇಕು. ಮೊದಲು ಇದು, ಮಿಕ್ಕಿದ್ದೆಲ್ಲಾ ಆಮೇಲೆ. ಆಮೇಲೆ ಸ್ಪೀಕರ್ ಜೋಡಿಸೋ ಮುಂಚೆ, ಹಾಡು ಇಲ್ಲದೆ, ಸ್ಪೀಕರ್ ಟರ್ಮಿನಲ್ಲಿನಲ್ಲಿ ಡಿಸಿ ಎಷ್ಟಿದೆ ನೋಡಿ. ಕೆಲವು ಮಿಲಿವೋಲ್ಟ್ ಇದ್ದರೆ ಚಿಂತೆ ಇಲ್ಲ, 50 ದಾಟಿದರೆ ಕಾರಣ ಹುಡುಕಬೇಕು, 100 ದಾಟಿದರೆ ಸ್ಪೀಕರ್ ಮುಟ್ಟಿಸಲೇಬೇಡಿ. 405ರಲ್ಲಿ ಸ್ಪೀಕರ್ ಕಾಯೋ ರಿಲೇ ಇಲ್ಲ. ಒಂದು ಪವರ್ ಟ್ರಾನ್ಸಿಸ್ಟರ್ ಶಾರ್ಟ್ ಆದರೆ 50 ವೋಲ್ಟ್ ನೇರ ವೂಫರಿಗೆ. ಅದರ ಸುರುಳಿ ಆರು ಓಮ್ ಅಂದ್ಕೊಂಡರೆ 400 ವ್ಯಾಟಿಗೂ ಜಾಸ್ತಿ. ಫ್ಯೂಸು ಹೋಗೋ ಮುಂಚೆ ಹೊಗೆ ಬರುತ್ತೆ. ಬದಲಿ ಪವರ್ ಟ್ರಾನ್ಸಿಸ್ಟರ್ ತಗೊಳ್ಳೋವಾಗಲೂ ಹುಷಾರು, ಮೇಲೆ ಪ್ರಸಿದ್ಧ ನಂಬರು ಅಚ್ಚು ಹಾಕಿರೋ, ಒಳಗೆ ಕಡಲೆಬೀಜದಷ್ಟೂ ಸಿಲಿಕಾನ್ ಇಲ್ಲದ ನಕಲಿಗಳು ಬೇಕಾದಷ್ಟಿವೆ. ಮುಚ್ಚಳ ತೆಗೆದರೆ ಪ್ಲಗ್ ಕಿತ್ತ ಮೇಲೂ ಆ ದೊಡ್ಡ ಕೆಪಾಸಿಟರುಗಳಲ್ಲಿ 50 ವೋಲ್ಟ್ ಉಳಿದಿರುತ್ತೆ, ಮೀಟರಿನಲ್ಲಿ ಇಳಿದಿದೆ ಅಂತ ಖಾತ್ರಿ ಆಗೋವರೆಗೆ ಬೆರಳು ಹಾಕಬೇಡಿ.

ವರ್ಷಗಟ್ಟಲೆ ಅಟ್ಟದ ಮೇಲಿದ್ದ ಪೆಟ್ಟಿಗೆಯನ್ನ ನೇರ ಪ್ಲಗ್ಗಿಗೆ ಚುಚ್ಚಬೇಡಿ. ನಮ್ಮ ಹಳೇ ರೇಡಿಯೋ ರಿಪೇರಿಯವರ ಸೀರೀಸ್ ಬಲ್ಬ್ ಇದೆಯಲ್ಲ, ಅದಕ್ಕಿಂತ ಒಳ್ಳೆ ಉಪಕರಣ ಯಾವ ಗೋಲ್ಡನ್ ಇಯರ್ ಹತ್ತಿರವೂ ಇಲ್ಲ. ಫೇಸ್ ವೈರಿನ ಮಧ್ಯೆ ಒಂದು 100 ವ್ಯಾಟ್ ಬಲ್ಬು. ಆನ್ ಮಾಡಿದಾಗ ಫಕ್ ಅಂತ ಹತ್ತಿ ಮಂಕಾದರೆ ಸರಿ ಇದೆ, ಹತ್ತಿದ್ದು ಹಾಗೇ ಉರೀತಾ ಇದ್ದರೆ ಒಳಗೆ ಶಾರ್ಟ್, ಆಫ್ ಮಾಡಿ. ಹಳೇ ಕಾಲದ ಫಿಲಮೆಂಟ್ ಬಲ್ಬೇ ಆಗಬೇಕು, ಎಲ್‌ಇಡಿ ನಡೆಯಲ್ಲ. ಈಗ ಅದು ಅಂಗಡಿಯಲ್ಲಿ ಸಿಗೋದೂ ಕಷ್ಟ, ನಾನು ಕೇಳಿ ಕೇಳಿ ನಾಲ್ಕು ತಂದಿಟ್ಟಿದ್ದೀನಿ. ಹೋಲ್ಡರ್, ಸ್ವಿಚ್ಚು, ಸಾಕೆಟ್ ಎಲ್ಲಾ ಒಂದು ಮರದ ಹಲಗೆ ಮೇಲೆ ಕೂರಿಸಿದ್ದೀನಿ, ಅರ್ಥ್ ಸಮೇತ. ಬೆಂಗಳೂರಿನಲ್ಲಿರೋರು ಯಾರಿಗಾದ್ರೂ ಬೇಕಿದ್ರೆ ಕೆಳಗೆ ಕಾಮೆಂಟ್ ಹಾಕಿ, ಶನಿವಾರ ಮನೆಗೆ ಬಂದು ತಗೊಂಡು ಹೋಗಿ, ಕೆಲಸ ಆದ ಮೇಲೆ ವಾಪಸ್ ತಂದುಕೊಡಿ. ಅಮ್ಮ ಕಾಫಿ ಕೊಡ್ತಾರೆ.